ವಿಷಯ: ವರನ ಹೆಸರು, ವಿಳಾಸ ಒದಗಿಸುವ ಬಗ್ಗೆ

ಸರ್ಕಾರವು ನಮ್ಮ ಬಳೆಗಾರ್ತಿಗೆ ಮರುಮದುವೆ ಮಾಡಿಸಿದ ಸುದ್ದಿ ನನಗೆ ತಿಳಿದದ್ದು ಒಂದು ಶುಕ್ರವಾರ ಬೆಳಿಗ್ಗೆ, ಗುಬ್ಬಿಯ ನಮ್ಮ ಮನೆಯ ಜಗಲಿಯಲ್ಲಿ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿದ್ದಾಗ. ಮದುವೆಯ ಸುದ್ದಿ ಬರುವ ಹೊತ್ತಿಗೆ ಕೈಯಲ್ಲಿ ತಟ್ಟೆ ಇರುವುದು ಶುಭವೇ. ಆದರೆ ಸುದ್ದಿ ತಂದ ವಧುವಿನ ಮುಖದಲ್ಲಿ ಶುಭದ ಕಳೆ ಇರಲಿಲ್ಲ.

ಆಕೆ ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಬರುತ್ತಿರುವವಳು. ಮಸೀದಿ ಬೀದಿಯ ಹೆಂಗಸು, ವಯಸ್ಸು ಅರವತ್ತರ ಆಚೆ ಈಚೆ. ತಲೆಯ ಮೇಲೆ ಸೆರಗು, ಹೆಗಲಿನಿಂದ ಇಳಿಬಿದ್ದ ಮಲಾರ, ಅಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ಹೊರೆ. ಸೋಮವಾರ ಯಡಿಯೂರಿಗೆ ಬರುವ ಯಾತ್ರಿಕರಿಗೆ, ಶುಕ್ರವಾರ ಬೆಳಿಗ್ಗೆ ಗುಬ್ಬಿಯ ಖಾಯಂ ಗಿರಾಕಿಗಳಿಗೆ, ಉಳಿದ ದಿನ ಹಾಗಲವಾಡಿ ಕಡೆಯ ಹಳ್ಳಿಗಳಿಗೆ. ಗಂಡ ಕುಣಿಗಲ್ಲಿನವನು, ಲಾರಿ ಓಡಿಸುತ್ತಿದ್ದ. ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು. ಆಗಿನಿಂದ ವಿಧವಾ ವೇತನ ಬರುತ್ತಿತ್ತು.

ಅವಳು ಮಲಾರ ಇಳಿಸಿ ನನ್ನ ಹೆಂಡತಿಯ ಕಡೆ ತಿರುಗಿ, “ಅಕ್ಕಾ, ನಂಗೆ ಮದ್ವೆ ಆಗೋಗೈತಂತೆ,” ಎಂದಳು.

“ಯಾವಾಗಮ್ಮಾ? ನಮ್ಗೆ ಒಂದ್ ಮಾತು ಹೇಳ್ಲೇ ಇಲ್ಲ!”

“ನಂಗೇ ಹೇಳಿಲ್ಲ ಕಣಕ್ಕಾ. ಕಂಪ್ಯೂಟ್ರಲ್ಲಿ ಐತಂತೆ.”

ಮೂರು ತಿಂಗಳಿಂದ ವೇತನ ಬಂದಿರಲಿಲ್ಲ. ಬ್ಯಾಂಕಿನವರು ಕಚೇರಿಗೆ ಕೇಳಿ ಎಂದರು. ಕಚೇರಿಯವರು ಕಂಪ್ಯೂಟರಿಗೆ ಕೇಳಿದರು. ಕಂಪ್ಯೂಟರು ‘ರದ್ದು, ಮರುವಿವಾಹ’ ಎಂದು ಎರಡೇ ಮಾತಿನಲ್ಲಿ ಉತ್ತರ ಕೊಟ್ಟಿತು.

“ಗಂಡು ಯಾರು ಅಂತ ಕೇಳ್ದೆ ಸ್ವಾಮಿ. ನಕ್ಬುಟ್ರು,” ಎಂದು ಅವಳು ನನ್ನತ್ತ ತಿರುಗಿದಳು. “ಮದ್ವೆ ಆಗೋದು ನಮ್ಮಲ್ಲಿ ತಪ್ಪಲ್ಲ. ಆಗಿದ್ರೆ ನಿಮ್ಮಿಬ್ರನ್ನೂ ಊಟಕ್ಕೆ ಕರೀತಿದ್ದೆ. ಆಗ್ದೇ ಇರೋದಕ್ಕೆ ಹೆಂಗ್ ಕರೀಲಿ? ಬೀದೀಲೆಲ್ಲ ‘ಏನಮ್ಮಾ ಮದುಮಗಳೇ’ ಅಂತವ್ರೆ.”

ಮಾತು ತಮಾಷೆಯಾಗಿಯೇ ಶುರುವಾಯಿತು. ಆದರೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವಳ ದನಿ ಇಳಿಯಿತು. “ಮಗಳ ಮನೇಲಿದೀನಿ. ಅಳಿಯ ಹಿರೇಹಳ್ಳಿ ಫ್ಯಾಕ್ಟ್ರಿಗೆ ಹೋಯ್ತಾನೆ. ಒಳ್ಳೇವ್ನೇ, ಒಂದಿನ ಒಂದ್ ಮಾತು ಅಂದಿಲ್ಲ. ಆದ್ರೂ ಆ ದುಡ್ಡು ಬರೋವಾಗ ಬಿಪಿ ಮಾತ್ರೆಗೆ ಅಂತ ನಾನು ಯಾರ ಮುಂದೂ ಕೈ ಚಾಚ್ತಿರ್ಲಿಲ್ಲ. ಈಗ ಮಾತ್ರೆ ಅರ್ಧ ಮಾಡಿ ನುಂಗ್ತೀನಿ.”

ನನ್ನ ಹೆಂಡತಿ ನನ್ನನ್ನು ನೋಡಿದಳು. ಶಿರಸ್ತೇದಾರನಾಗಿ ನಿವೃತ್ತನಾದವನು ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುವುದನ್ನು ಬಿಟ್ಟು ಬೇರೆ ಏನಾದರೂ ಮಾಡಬಲ್ಲನೇ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ನಾನು ಶರ್ಟು ಹಾಕಿಕೊಂಡೆ.

ಯಾವ ಕಚೇರಿಗೆ ಹೋದೆವು ಎಂದು ಇಲ್ಲಿ ಬರೆಯುವುದಿಲ್ಲ. ನಾನು ಹೋದರೆ ಅಲ್ಲಿ ಈಗಲೂ ಕುರ್ಚಿ ಎಳೆದು ಕೊಡುತ್ತಾರೆ, ಆ ಋಣ ದೊಡ್ಡದು. ಗುಮಾಸ್ತರಿಗೆ ನಮಸ್ಕಾರ ಹೇಳಿ, ರದ್ದು ಮಾಡಿದ ಆದೇಶದ ನಕಲು ಕೇಳಿದೆ. ಅವರಿಗೆ ಆಶ್ಚರ್ಯ. ರದ್ದಾದ ವೇತನವನ್ನು ಮರಳಿ ಕೇಳುವವರನ್ನು ಅವರು ದಿನವೂ ನೋಡಿದ್ದರು, ಆದೇಶವನ್ನು ಕೇಳುವವರನ್ನು ನೋಡಿರಲಿಲ್ಲ. ಒಂದು ಗಂಟೆ ಹುಡುಕಿ ಅರ್ಧ ಹಾಳೆಯೊಂದನ್ನು ತಂದರು.

“ಸ್ಥಳ ಪರಿಶೀಲನೆಯಿಂದ ಕಂಡುಬಂದಂತೆ ಸದರಿ ಫಲಾನುಭವಿಯು ಮರುವಿವಾಹವಾಗಿರುವುದರಿಂದ, ವೇತನಕ್ಕೆ ಅನರ್ಹರೆಂದು ಪರಿಗಣಿಸಿ ರದ್ದುಪಡಿಸಿದೆ.”

ಓದಿದ ತಕ್ಷಣ ನನಗೆ ಹಳೆಯ ನೆಂಟನನ್ನು ಸಂತೆಯಲ್ಲಿ ಕಂಡಂತಾಯಿತು. ಆ ವಾಕ್ಯ ನನ್ನದು. ‘ಮರುವಿವಾಹ’ ಎಂಬಲ್ಲಿ ಮಾತ್ರ ಖಾಲಿ ಜಾಗ ಬಿಟ್ಟಿದ್ದೆ, ಕಾರಣ ತುಂಬಿಕೊಳ್ಳಲು. ಕಾಗದದ ಅಭಾವವಿದ್ದ ಒಂದು ವರ್ಷ, ರದ್ದತಿ ಆದೇಶದ ಹಳೆಯ ನಮೂನೆಯನ್ನು ಚಿಕ್ಕದು ಮಾಡಲು ನನಗೆ ಹೇಳಿದ್ದರು. ಹಳೆಯದರಲ್ಲಿ ಎರಡು ಪ್ಯಾರಾ ಇದ್ದವು. ಒಂದರಲ್ಲಿ ರದ್ದು. ಇನ್ನೊಂದರಲ್ಲಿ, ರದ್ದು ಮಾಡುವ ಮೊದಲು ನೋಟಿಸು ಕೊಟ್ಟು, ಹದಿನೈದು ದಿನ ಕಾದು, ಅವರ ಮಾತು ಕೇಳಿದ್ದೇವೆ ಎಂಬ ವಿವರ. ಎರಡನೆಯ ಪ್ಯಾರಾ ಕತ್ತರಿಸಿದರೆ ಆದೇಶ ಅರ್ಧ ಹಾಳೆಯಲ್ಲಿ ಹಿಡಿಸುತ್ತಿತ್ತು. ಕತ್ತರಿಸಿದೆ. ಆಗಿನ ಸಾಹೇಬರು ಬೆನ್ನು ತಟ್ಟಿದ್ದರು. ನೋಟಿಸು ಕೊಡಬೇಕೆಂಬ ನಿಯಮವನ್ನು ನಾನೇನೂ ರದ್ದು ಮಾಡಿರಲಿಲ್ಲ, ಅಷ್ಟು ದೊಡ್ಡ ಅಧಿಕಾರ ನನಗಿರಲಿಲ್ಲ. ಅದನ್ನು ನೆನಪಿಸುತ್ತಿದ್ದ ಸಾಲುಗಳನ್ನಷ್ಟೇ ತೆಗೆದಿದ್ದೆ. ಸಾಲು ಹೋದ ಮೇಲೆ ನಿಯಮವೂ ಯಾರಿಗೂ ಹೇಳದೆ ಹೊರಟುಹೋಗಿತ್ತು.

“ಇದರಲ್ಲಿ ಏನು ‘ಕಂಡುಬಂತು’ ಅಂತ ಇಲ್ವಲ್ಲ,” ಎಂದೆ ಗುಮಾಸ್ತರಿಗೆ, ಸ್ವಲ್ಪ ಮೆತ್ತಗೆ.

“ನಮೂನೆ ಹಂಗೇ ಇರೋದು ಸಾರ್. ನಿಮ್ ಕಾಲದಿಂದಾನೂ,” ಎಂದರು ಅವರು, ಏನೂ ತಿಳಿಯದೆ. “ಒಂದ್ ಕೆಲ್ಸ ಮಾಡಿ. ಮರುಮದುವೆ ಆಗಿಲ್ಲ ಅಂತ ಒಂದು ಸರ್ಟಿಫಿಕೇಟ್ ತಂದ್ಬುಡಿ. ನೋಡೋಣ.”

ಹಾಗಾಗಿ ಮುಂದಿನ ವಾರ ತುಮಕೂರಿನಲ್ಲಿ ಬಸ್ಸು ಬದಲಿಸಿ ನಾವಿಬ್ಬರೂ ಕುಣಿಗಲ್ಲಿಗೆ ಹೋದೆವು. ಅವಳ ನಿಕಾಹ್ ಆದದ್ದು ಅಲ್ಲಿ, ಗಂಡನ ಗೋರಿ ಇರುವುದೂ ಅಲ್ಲಿ. ದಾರಿಯುದ್ದಕ್ಕೂ ಅವಳು ಬಸ್ಸಿನ ಹೆಂಗಸರಿಗೆ ಬಳೆ ಮಾರುತ್ತಿದ್ದಳು. ನಾನು ಕಿಟಕಿಯ ಆಚೆ ನೋಡುತ್ತ ಅವಳ ಜೊತೆಗಾರನಲ್ಲದವನಂತೆ ಕೂತಿದ್ದೆ. ಮದುವೆಯ ವದಂತಿ ಬೇರೆ ಇದೆ, ಹುಷಾರಾಗಿರಬೇಕು.

ಜಮಾತಿನ ಹಿರಿಯರು ಬಿಳಿ ಗಡ್ಡದ, ಸಮಾಧಾನದ ಮನುಷ್ಯ. ನನ್ನ ಹಣೆಯ ವಿಭೂತಿ ನೋಡಿ ಒಳಗೆ ಕರೆದು ಚಹಾ ತರಿಸಿದರು. ವಿಷಯ ಕೇಳಿದ ಮೇಲೆ ದಪ್ಪ ರಿಜಿಸ್ಟರೊಂದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈಯೂರಿದರು.

“ಆದ ಮದ್ವೆ ಬರೆಯೋ ಬುಕ್ಕು ಇದು ಸಾರ್. ಈಯಮ್ಮಂದು ಇದ್ರಲ್ಲಿದೆ, ನಕಲು ಕೊಡ್ತೀನಿ. ಆಗದೇ ಇರೋ ಮದ್ವೆ ಬರೀತಾ ಕೂತ್ರೆ, ಕುಣಿಗಲ್ ಕೆರೆ ಬತ್ತಿಸಿ ಅಲ್ಲಿ ಬುಕ್ ಜೋಡಿಸ್ಬೇಕಾಯ್ತದೆ.”

“ಕಚೇರಿಯೋರು ಕೇಳ್ತಿದಾರಲ್ಲ.”

“ಅವ್ರನ್ನೇ ಕೇಳಿ ಸಾರ್. ಮದ್ವೆ ಆಗೈತೆ ಅಂದೋರು ಅವ್ರು. ಯಾವ್ ಜಮಾತಲ್ಲಿ, ಯಾರ್ ಜೊತೆ, ಸಾಕ್ಷಿ ಯಾರು? ಅದೂ ಹೇಳ್ದೆ ಮದ್ವೆ ಹೆಂಗಾಯ್ತದೆ? ನಾನಂತೂ ಒಪ್ಪಲ್ಲ.”

ಮೂವತ್ತೈದು ವರ್ಷ ಕಡತ ಹೊತ್ತ ನನಗೆ ಹೊಳೆಯದ ಕಾನೂನು ಆ ಚಹಾದ ಲೋಟದ ಮುಂದೆ ಹೊಳೆಯಿತು. ಹೇಳಿದವನು ತೋರಿಸಬೇಕು. ಕಳೆದುಕೊಂಡವಳು ಬಸ್ ಚಾರ್ಜು ಕೊಟ್ಟುಕೊಂಡು ಊರೂರು ಸುತ್ತಿ, ತನಗೆ ಏನೇನು ಆಗಿಲ್ಲ ಎಂಬುದಕ್ಕೆಲ್ಲ ಪತ್ರ ತರುವುದಲ್ಲ.

ಅವಳು ಗಂಡನ ಗೋರಿಯ ಹತ್ತಿರ ಐದು ನಿಮಿಷ ನಿಂತು ಬಂದಳು. “ಏನ್ ಹೇಳ್ದೆ?” ಎಂದೆ.

“ಕೋಪ ಮಾಡ್ಕೋಬೇಡ, ಸರ್ಕಾರ ಮಾಡ್ಸಿದ್ದು ಅಂದೆ.”

ಅದೇ ಸಂಜೆ ಗುಬ್ಬಿಯಲ್ಲಿ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆ. ನನ್ನ ಜೀವಮಾನದಲ್ಲಿ ಬರೆದ ಅರ್ಜಿಗಳಲ್ಲಿ ಅದೇ ಶ್ರೇಷ್ಠ ಎಂದು ನನ್ನ ನಮ್ರ ಅಭಿಪ್ರಾಯ. “ವಿಷಯ: ವರನ ಹೆಸರು, ವಿಳಾಸ ಒದಗಿಸುವ ಬಗ್ಗೆ. ಮಾನ್ಯರೇ, ತಮ್ಮ ಆದೇಶದ ಪ್ರಕಾರ ನನಗೆ ಮರುವಿವಾಹವಾಗಿರುವುದು ತಿಳಿದು ಸಂತೋಷವಾಯಿತು. ಸದರಿ ವರನ ಹೆಸರು, ತಂದೆಯ ಹೆಸರು, ಉದ್ಯೋಗ, ವಾಸಸ್ಥಳ, ವಿವಾಹದ ದಿನಾಂಕ ಹಾಗೂ ಸದರಿಯವರು ಈವರೆಗೆ ಮನೆಗೆ ಬಾರದಿರುವ ಕಾರಣವನ್ನು ದಯಮಾಡಿ ತಿಳಿಸಬೇಕಾಗಿ ವಿನಂತಿ. ಸ್ಥಳ ಪರಿಶೀಲನೆಯ ವರದಿ ಮತ್ತು ಅದರೊಂದಿಗಿನ ದಾಖಲೆಗಳ ನಕಲನ್ನೂ ಕೊಡಬೇಕಾಗಿ ಕೋರಿಕೆ.”

ಓದಿ ಹೇಳಿದಾಗ ಅವಳು ಬಾಯಿಗೆ ಸೆರಗಿಟ್ಟು ನಕ್ಕಳು. “ಚೆನ್ನಾಗಿರೋನು ಆದ್ರೆ ಬರ್ಲಿ ಅಂತಾನೂ ಬರೀರಿ ಸ್ವಾಮಿ.” ಅದನ್ನು ಬರೆಯಲಿಲ್ಲ. ಸಹಿಯ ಜಾಗದಲ್ಲಿ ಅವಳು ಹೆಬ್ಬೆಟ್ಟು ಒತ್ತಿದಳು.

ಉತ್ತರ ಬಂತು. “ಕೋರಿರುವ ವರನ ವಿವರಗಳು ಕಚೇರಿಯ ದಾಖಲೆಗಳಲ್ಲಿ ಲಭ್ಯವಿರುವುದಿಲ್ಲ.” ಜೊತೆಗೆ ವರದಿಯ ನಕಲು ಮತ್ತು ಒಂದು ಫೋಟೊ. ಫೋಟೊದಲ್ಲಿ ಬಳೆಗಾರ್ತಿ ಮಗಳ ಮನೆಯ ಬಾಗಿಲಲ್ಲಿ ನಿಂತು, ಬಿಸಿಲಿಗೆ ಎಡಗೈ ಅಡ್ಡ ಹಿಡಿದಿದ್ದಾಳೆ. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು, ಕೆಂಪು ಗಾಜಿನ ಬಳೆ. ವರದಿಯಲ್ಲಿ ಒಂದೇ ಸಾಲು: “ಕೈತುಂಬ ಬಳೆ ಧರಿಸಿದ್ದು ಮುತ್ತೈದೆಯಾಗಿರುವುದು ಕಂಡುಬಂದಿದೆ.”

“ಓ, ಆ ಹುಡ್ಗ!” ಎಂದಳು ಅವಳು. “ಯಡಿಯೂರಿಗೆ ಹೊಂಟಿದ್ದೆ. ಬೈಕಿಂದ ಇಳೀಲೂ ಇಲ್ಲ. ‘ಚೆನ್ನಾಗಿದೀರೇನಮ್ಮ’ ಅಂದ. ‘ಚೆನ್ನಾಗಿದೀನಪ್ಪ’ ಅಂದೆ. ಪೋಟ ತಕ್ಕೊಂಡು ಹೋದ. ಎಷ್ಟ್ ಒಳ್ಳೆ ಹುಡ್ಗ ಅನ್ಕೊಂಡೆ.”

ಸ್ಥಳ ಪರಿಶೀಲನೆ ಎಂದರೆ ಅಷ್ಟೇ ಆಗಿತ್ತು. ಚೆನ್ನಾಗಿದ್ದೇನೆ ಎಂದು ಒಪ್ಪಿಕೊಂಡದ್ದೇ ಅವಳ ತಪ್ಪೊಪ್ಪಿಗೆ.

ಮೇಲ್ಮನವಿ ಹಾಕಿದೆವು. ತುಮಕೂರಿನಲ್ಲಿ ವಿಚಾರಣೆಯ ದಿನ ಗೊತ್ತಾಯಿತು. ನಾನು ಹಿಂದಿನ ದಿನವೇ ಕೋಟಿಗೆ ಇಸ್ತ್ರಿ ಮಾಡಿಸಿ, ವಾದದ ಅಂಶಗಳನ್ನು ನಾಲ್ಕು ಹಾಳೆಯಲ್ಲಿ ಬರೆದುಕೊಂಡೆ. ನಿಯಮ ಹೀಗಿದೆ, ನ್ಯಾಯ ಹೀಗಿದೆ, ಲಾಭವೊಂದನ್ನು ಕೊಟ್ಟ ಮೇಲೆ ಕಾರಣ ಹೇಳದೆ, ಮಾತು ಕೇಳದೆ ಕಿತ್ತುಕೊಳ್ಳುವಂತಿಲ್ಲ. ಬಳೆಗಾರ್ತಿ ಎಂದಿನಂತೆ ಮಲಾರ ಹೊತ್ತು, ಎಡಗೈ ತುಂಬ ಬಳೆ ಏರಿಸಿಕೊಂಡೇ ಬಸ್ಸು ಹತ್ತಿದಳು.

“ಇವತ್ತೊಂದಿನ ಬಳೆ ಬಿಚ್ಚಿಟ್ಟು ಬರಬಾರದಾ?” ಎಂದು ಗದರಿದೆ.

“ಯಾಕ್ ಬಿಚ್ಚಲಿ? ನಾನೇನ್ ಕದ್ದಿದೀನಾ? ವಾಪಸ್ ಬರೋವಾಗ ಯಾಪಾರ ಬ್ಯಾಡ್ವಾ?”

ಅಧಿಕಾರಿ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವರು. ಎದುರಿಗೆ, ಫೋಟೊ ತೆಗೆದುಕೊಂಡು ಹೋಗಿದ್ದ ಆ ತರುಣ ಗ್ರಾಮಲೆಕ್ಕಿಗ ಹೆಲ್ಮೆಟ್ಟನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ. ನಾನು ಎದ್ದು ಗಂಟಲು ಸರಿಮಾಡಿಕೊಂಡು ಮೊದಲ ಹಾಳೆಯ ಮೊದಲ ಸಾಲು ಓದುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

“ನೀವು ಕೂತ್ಕೊಳಿ ಸರ್. ಆಮೇಲೆ ಕೇಳ್ತೀನಿ. ಅಮ್ಮಾ, ನೀವು ಹೇಳಿ.”

ನಾನು ಕೂತೆ. ನನ್ನ ನಾಲ್ಕು ಹಾಳೆಯೂ ಕೂತವು.

“ಏನ್ ಹೇಳ್ಲಿ ಮೇಡಂ, ಮದ್ವೆ ಆಗಿಲ್ಲ.”

ಅಧಿಕಾರಿ ಲೆಕ್ಕಿಗನ ಕಡೆ ನೋಡಿದರು. “ಆಗಿದೆ ಅಂತ ಹೇಗೆ ಗೊತ್ತಾಯ್ತಪ್ಪ?”

“ಕೈತುಂಬ ಬಳೆ ಇತ್ತು ಮೇಡಂ. ಈಗ್ಲೂ ಇದೆ ನೋಡಿ.”

“ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ರಾ?”

“ಎರಡು ದಿನದಲ್ಲಿ ಇಡೀ ಲಿಸ್ಟ್ ಮುಗಿಸ್ಬೇಕಿತ್ತು ಮೇಡಂ. ಆ್ಯಪಲ್ಲಿ ಕಾರಣಕ್ಕೆ ಟಿಕ್ ಹಾಕ್ದೆ ಮುಂದಕ್ಕೇ ಹೋಗಲ್ಲ.”

ಅವರು ಫೋಟೊವನ್ನು ಹತ್ತಿರ ಹಿಡಿದು ನೋಡಿದರು. ಫೋಟೊದಲ್ಲಿ ಬಲಗೈ ಮಲಾರದ ಅಡಿಯಲ್ಲಿ ಮುಚ್ಚಿಹೋಗಿತ್ತು. “ಅಮ್ಮಾ, ಇನ್ನೊಂದು ಕೈ ತೋರ್ಸಿ.”

ಬಳೆಗಾರ್ತಿ ಸೆರಗಿನೊಳಗಿಂದ ಬಲಗೈ ತೆಗೆದು ಮೇಜಿನ ಮೇಲಿಟ್ಟಳು. ಬೋಳು ಕೈ. ಒಂದೇ ಒಂದು ಬಳೆಯಿಲ್ಲ.

“ಇದಕ್ಕೆ ಹಾಕಲ್ವಾ?”

“ಇದು ಕೆಲ್ಸದ ಕೈ ಮೇಡಂ. ಬಳೆ ಇರೋ ಕೈಲಿ ಇನ್ನೊಬ್ರಿಗೆ ಬಳೆ ತೊಡ್ಸಕ್ಕಾಗಲ್ಲ, ಗಾಜಿಗೆ ಗಾಜು ತಾಗ್ತದೆ. ಎಡಗೈಲಿರೋವು ಮಾಲು.” ಅವಳು ಎಡಗೈಯನ್ನೂ ಪಕ್ಕಕ್ಕೆ ಇಟ್ಟಳು. “ನೋಡಿ, ಮಣಿಕಟ್ಟಿನತ್ರ ಇರೋವು ಟೂ ಫೋರ್, ಆಮ್ಯಾಕೆ ಟೂ ಸಿಕ್ಸ್, ಮ್ಯಾಲಿರೋವು ಟೂ ಎಯ್ಟ್. ಒಂದೇ ಕೈಗೆ ಮೂರು ಅಳತೆ ಯಾವ ಮುತ್ತೈದೆ ಹಾಕ್ತಾಳೆ? ಗಿರಾಕಿಗೆ ಕೈ ಮೇಲೆ ಹೆಂಗ್ ಕಾಣ್ತದೆ ಅಂತ ತೋರ್ಸಬೇಕಲ್ಲ, ಅದಕ್ಕೆ.”

ಬಾಗಿಲಲ್ಲಿದ್ದ ಆಯಾ ಕುತ್ತಿಗೆ ಚಾಚಿ ಕೆಂಪು ಬಳೆಗಳನ್ನು ನೋಡುತ್ತಿದ್ದಳು. ನಾನು ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಪರೀಕ್ಷೆಗೆ ಉರುಹೊಡೆದು ಪಾಸಾದವನು. ಇಪ್ಪತ್ತು ವರ್ಷದಿಂದ ನಮ್ಮ ಜಗಲಿಯಲ್ಲಿ ಕೂರುತ್ತಿದ್ದವಳ ಬಲಗೈಯನ್ನು ಅಂದೇ ಮೊದಲು ನೋಡಿದ್ದು.

ಲೆಕ್ಕಿಗನ ಹೆಲ್ಮೆಟ್ಟು ಇನ್ನಷ್ಟು ಒಳಕ್ಕೆ ಒತ್ತಿಕೊಂಡಿತು. “ನಂಗೆ ಗೊತ್ತಾಗ್ಲಿಲ್ಲ ಮೇಡಂ,” ಎಂದ.

“ಕೇಳಿದ್ರೆ ಗೊತ್ತಾಗ್ತಿತ್ತು,” ಎಂದರು ಅವರು. ಗದರಲಿಲ್ಲ. ಅರ್ಧ ಹಾಳೆಯ ಆದೇಶವನ್ನು ತಿರುಗಿಸಿ ನೋಡಿದರು, ಹಿಂಬದಿಯಲ್ಲಾದರೂ ಏನಾದರೂ ಇದೆಯೇ ಎಂದು. “ನೋಟಿಸ್ ಕೊಟ್ಟಿದ್ದರ ಬಗ್ಗೆ ಒಂದು ಅಕ್ಷರ ಇಲ್ಲ. ಈ ನಮೂನೆ ಯಾರು ಮಾಡಿದ್ದು?”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಎರಡು ಕೈಯನ್ನೂ ಮೇಜಿನ ಮೇಲಿಟ್ಟು ಕೂತಿದ್ದವಳು ಒಬ್ಬಳಿದ್ದಳು. ಎದ್ದು ನಿಂತೆ.

“ನಾನೇ ಮೇಡಂ. ಎರಡನೇ ಪ್ಯಾರಾ ತೆಗೆದೆ. ಕಾಗದ ಉಳಿಸೋಕೆ.”

ಅವರು ನನ್ನನ್ನೂ ನನ್ನ ಇಸ್ತ್ರಿಯ ಕೋಟನ್ನೂ ನೋಡಿದರು. “ಎಷ್ಟು ಉಳೀತು?”

“ಅರ್ಧ ಹಾಳೆ ಮೇಡಂ.”

“ಹಾಗಾದ್ರೆ ಹೊರಗೆ ಕೂತು ಆ ಪ್ಯಾರಾ ಬರ್ಕೊಂಡು ಬನ್ನಿ. ಕಾಗದ ನಾನು ಕೊಡ್ತೀನಿ.”

ಕಾರಿಡಾರಿನ ಬೆಂಚಿನ ಮೇಲೆ ಕೂತು ಬರೆಯತೊಡಗಿದೆ. ಬಳೆಗಾರ್ತಿ ಆಯಾಳ ಕೈಗೆ ಟೂ ಸಿಕ್ಸ್ ಏರಿಸುತ್ತ ಪಕ್ಕದಿಂದಲೇ ಸಲಹೆ ಕೊಡುತ್ತಿದ್ದಳು.

“ಏನ್ ಕಂಡ್ರು ಅಂತ ಬರೀಬೇಕು ಅನ್ನಿ ಸ್ವಾಮಿ. ‘ಬಳೆ ಕಂಡ್ತು’ ಅಂತ ಒಂದ್ ಮಾತು ಬರ್ದಿದ್ರೆ ಅವತ್ತೇ ಹೇಳ್ತಿದ್ದೆ.”

ಬರೆದೆ.

“ನಂಗೆ ಓದಕ್ ಬರಲ್ಲ. ಓದಕ್ ಬರ್ದೋರಿಗೆ ಮನೆತಾವ ಬಂದು ಓದಿ ಹೇಳ್ಬೇಕು ಅನ್ನಿ.”

ಅದನ್ನೂ ಬರೆದೆ.

“ಅವ್ರ್ ಮಾತು ಕೇಳಿ ತೀರ್ಮಾನ ಆಗೋಗಂಟ ದುಡ್ಡು ನಿಲ್ಲಿಸ್ಬಾರ್ದು. ಮಾತ್ರೆ ಕಾಯಲ್ಲ.”

ಆ ಸಾಲು ಹಳೆಯ ನಮೂನೆಯಲ್ಲೂ ಇರಲಿಲ್ಲ. ಬರೆದು, ಕೆಳಗೆ ಗೆರೆ ಎಳೆದೆ. ಪ್ಯಾರಾ ಒಂದು ಪೂರ್ತಿ ಹಾಳೆ ಆಯಿತು. ಅಧಿಕಾರಿ ಓದಿ, ಒಂದೆರಡು ‘ಸದರಿ’ಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಇಟ್ಟುಕೊಂಡರು. ತಮ್ಮ ಕೈಕೆಳಗಿನ ಕಚೇರಿಗಳಿಗೆ ಇನ್ನು ಇದೇ ನಮೂನೆ ಎಂದರು. ನಾಡಿನ ಎಲ್ಲ ಕಚೇರಿಗಳೂ ಬದಲಾದವು ಎಂದು ಬರೆಯುವಷ್ಟು ಸುಳ್ಳುಗಾರ ನಾನಲ್ಲ. ಮೂರು ವಾರಕ್ಕೆ ರದ್ದತಿ ರದ್ದಾಯಿತು, ನಿಂತಿದ್ದ ತಿಂಗಳುಗಳದೂ ಸೇರಿ ವೇತನ ಬಂತು. ಕಂಪ್ಯೂಟರಿನಲ್ಲಿ ಅವಳು ಮತ್ತೆ ವಿಧವೆಯಾದಳು.

“ಹೆಸರಿಲ್ದೋನು ಹೋದ,” ಎಂದು ಅವಳು ಸೆರಗಿನ ತುದಿ ಕಣ್ಣಿಗೊತ್ತಿ ಶೋಕ ಆಚರಿಸಿದಳು. ಆಮೇಲೆ ಚೀಲದಿಂದ ಮಾತ್ರೆಯ ಹೊಸ ಪಟ್ಟಿ ತೆಗೆದು ನನ್ನ ಹೆಂಡತಿಗೆ ತೋರಿಸಿದಳು. “ಇಡೀ ಮಾತ್ರೆ ಅಕ್ಕಾ.”

ಅಂದು ಬಲಗೈಯ ಕತೆಯನ್ನು ನಾನು ಹೆಂಡತಿಗೆ ಮತ್ತೊಮ್ಮೆ ವಿಸ್ತಾರವಾಗಿ ವಿವರಿಸುತ್ತಿದ್ದೆ, ಯಾವುದೋ ಶಾಸನ ಶೋಧಿಸಿದವನಂತೆ. ಅವಳು ಬೀನ್ಸು ಮುರಿಯುತ್ತ ಕೇಳಿದಳು.

“ಬಳೆ ತೊಡ್ಸೋರು ಬಲಗೈಗೆ ಹಾಕಲ್ಲ ಅಂತ ಊರಲ್ಲಿ ಯಾವ ಹೆಂಗ್ಸಿಗೆ ಗೊತ್ತಿಲ್ಲ?”

“ನಿನಗೆ ಗೊತ್ತಿತ್ತಾ? ಮೊದಲೇ ಹೇಳೋದಲ್ವಾ? ಕುಣಿಗಲ್ ತನಕ ಹೋಗಿ ಬಂದೆನಲ್ಲ!”

“ನೀವು ನನ್ನ ಕೇಳಿದ್ರಾ?”

ಮನೆಯ ಆಡಳಿತದಲ್ಲೂ ನಾನು ಎರಡನೆಯ ಪ್ಯಾರಾ ಯಾವಾಗ ಕತ್ತರಿಸಿದ್ದೆನೋ ನೆನಪಿಲ್ಲ.

ಆಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಜಗಲಿಯ ಮುಂದೆ ಬೈಕೊಂದು ನಿಂತಿತು. ಅದೇ ಲೆಕ್ಕಿಗ. ಈ ಸಲ ಬೈಕಿನಿಂದ ಇಳಿದ, ಹೆಲ್ಮೆಟ್ಟು ತೆಗೆದ, ಚಪ್ಪಲಿ ಬಿಟ್ಟು ಮೇಲೆ ಬಂದ. ಬಳೆಗಾರ್ತಿ ಇಲ್ಲಿರುತ್ತಾಳೆ ಎಂದು ಯಾರೋ ಹೇಳಿದ್ದರಂತೆ. ಹೆಂಡತಿಗೆ ಏಳನೇ ತಿಂಗಳು, ಬಳೆ ತೊಡಿಸುವ ಶಾಸ್ತ್ರವಿದೆ, ಹಸಿರು ಬಳೆ ಬೇಕು.

“ಅಳತೆ ಎಷ್ಟಪ್ಪ?” ಎಂದಳು ಅವಳು, ಮಲಾರ ಬಿಚ್ಚುತ್ತ.

“ಗೊತ್ತಿಲ್ಲಮ್ಮ. ಎಲ್ಲಾರ್ಗೂ ಆಗೋ ಸೈಜ್ ಕೊಟ್ಬುಡಿ.”

“ಅದು ನಿಮ್ ಆಪೀಸಲ್ಲಿ ಸಿಕ್ತದೆ ಕಣಪ್ಪ. ನನ್ನತ್ರ ಇಲ್ಲ.”

ಹುಡುಗ ಕೆಂಪಗಾದ. ನನ್ನ ಹೆಂಡತಿ ಒಳಗೆ ನಕ್ಕದ್ದು ಕೇಳಿಸಿತು.

“ಕೈ ನೋಡ್ದೆ ನಾನು ಬಳೆ ಕೊಡಲ್ಲ,” ಎಂದಳು ಬಳೆಗಾರ್ತಿ.

“ಏಳ್ ತಿಂಗಳ ಬಸುರೀನ ಬೈಕಲ್ಲಿ ಹೆಂಗಮ್ಮಾ ಕರ್ಕೊಂಡ್ ಬರ್ಲಿ?”

“ಅವ್ಳನ್ಯಾಕೆ ಕರ್ಕೊಂಡ್ ಬರ್ತೀಯ? ನಾನೇ ನಿಮ್ ಮನೆಗೆ ಬತ್ತೀನಿ. ಸ್ವಾಮಿ, ಇವ್ರ ಹೆಸ್ರು ವಿಳಾಸ ಒಸಿ ಬರ್ಕೊಳಿ.”

ಅವನು ಹೇಳಿದ, ನಾನು ಬರೆದೆ. ಅವಳು ಚೀಟಿಯನ್ನು ಮಡಿಸಿ ಮಾತ್ರೆಯ ಪಟ್ಟಿಯ ಜೊತೆ ಚೀಲದಲ್ಲಿಟ್ಟುಕೊಂಡಳು.

“ಸೋಮವಾರ ಯಡಿಯೂರಿಂದ ಬರ್ತಾ ಬತ್ತೀನಿ. ಬಸುರೀಲಿ ಕೈ ಊದಿರ್ತದೆ. ಎರಡೂ ಕೈ ನೋಡ್ಬೇಕು, ಒಂದೊಂದ್ ಸಲ ಎರಡೂ ಒಂದೇ ಅಳತೆ ಇರಲ್ಲ.”